ತುಂಬಿದ ಡಿಸ್ಕು, ತುಂಬದ ಮನಸ್ಸು

ಇರುವೆ ಕೂಡಿಡುತ್ತದೆ, ಜೇನು ಕೂಡಿಡುತ್ತದೆ. ಆದರೆ ಅವುಗಳ ಸಂಗ್ರಹಕ್ಕೆ ಹಸಿವಿನ ಅಳತೆಯಿದೆ, ಮಳೆಗಾಲದ ಲೆಕ್ಕವಿದೆ. ಮನುಷ್ಯನ ಸಂಗ್ರಹಕ್ಕೆ ಮಾತ್ರ ಅಂತಹ ಮಿತಿಯಿಲ್ಲ. ಬೇಕಾದುದನ್ನು ಕೂಡಿಡಲು ಆರಂಭಿಸಿದವನು ಕೊನೆಗೆ ಕೂಡಿಡುವುದಕ್ಕಾಗಿಯೇ ಕೂಡಿಡತೊಡಗುತ್ತಾನೆ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೆ ‘ಅತ್ತಕಾಸುರ್’ ಎಂಬ ಹೆಸರಿದೆ. ಹೆಚ್ಚು ಹೆಚ್ಚು ಗಳಿಸಿಕೊಳ್ಳುವ ಪೈಪೋಟಿ ಎಂದೇ ಆ ಪದದ ಅರ್ಥ. ಈ ರೋಗವು ಎಷ್ಟು ಹಳೆಯದು ಎಂಬುದನ್ನು ತಿಳಿಯಲು ಆ ಒಂದು ಹೆಸರೇ ಸಾಕು.

ನಮ್ಮ ಹಿರಿಯರು ಭತ್ತವನ್ನು ಕಣಜದಲ್ಲಿಟ್ಟರು, ಜಮೀನಿನ ಕಾಗದಗಳನ್ನು ಟ್ರಂಕಿನಲ್ಲಿಟ್ಟರು. ಕಣಜ ತುಂಬಿದರೆ ಮನೆಮಂದಿಗೆಲ್ಲ ಕಾಣುತ್ತಿತ್ತು. ಇಂದು ನಮ್ಮ ಮಕ್ಕಳು ಎಲ್ಲವನ್ನೂ ಅಂಗೈಯಗಲದ ಒಂದು ಡಬ್ಬಿಯಲ್ಲಿಡುತ್ತಾರೆ. ಅದು ತುಂಬಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದರಲ್ಲೇನಿದೆ ಎಂದು ಎಷ್ಟೋ ಸಲ ತುಂಬಿದವನಿಗೇ ಗೊತ್ತಿರುವುದಿಲ್ಲ. ಪ್ರಿಯ ಓದುಗರೇ, ಈ ತಿಂಗಳು ಆ ಡಬ್ಬಿಯ ಕುರಿತು ನಿಮ್ಮೊಡನೆ ಸ್ವಲ್ಪ ಮಾತಾಡಬೇಕೆಂದಿದ್ದೇನೆ. ಇದು ಹುಡುಗರ ಆಟದ ವಿಷಯ, ನಮಗೇಕೆ ಎಂದು ಪುಟ ಮಗುಚಬೇಡಿ. ಮಾತು ಆಟದಿಂದ ಆರಂಭವಾದರೂ ಅಲ್ಲಿಗೇ ನಿಲ್ಲುವುದಿಲ್ಲ.

ತಂದೆಯ ಪ್ರಶ್ನೆ, ಮಗನ ಉತ್ತರ

ಒಂದು ಭಾನುವಾರ ಅಸ್ರ್ ನಮಾಝಿನ ನಂತರ ಭದ್ರಾವತಿಯಿಂದ ಗೆಳೆಯರೊಬ್ಬರು ಶಿವಮೊಗ್ಗದ ನಮ್ಮ ಮನೆಗೆ ಬಂದರು. ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಜೊತೆಯಲ್ಲಿ ಮಗನಿದ್ದ. ಡಿಪ್ಲೊಮಾ ಮುಗಿಸಿ ಶಿವಮೊಗ್ಗದಲ್ಲೇ ಕೆಲಸ ಮಾಡುವ, ದಿನವೂ ಬಸ್ಸಿನಲ್ಲಿ ಓಡಾಡುವ ಸಭ್ಯ ಹುಡುಗ. ಕಂಪ್ಯೂಟರ್ ಅಂಗಡಿಗೆ ಹೊರಟವರು ದಾರಿಯಲ್ಲೇ ತಕರಾರಾಗಿ ನನ್ನಲ್ಲಿಗೆ ಬಂದಿದ್ದರು.

“ಭಾಯ್ ಸಾಬ್, ನೀವೇ ಹೇಳಿ. ಇವನಿಗೆ 8 ಟಿ.ಬಿ. ಡಿಸ್ಕು ಬೇಕಂತೆ. ಬರೀ ಗೇಮುಗಳನ್ನು ಇಟ್ಟುಕೊಳ್ಳಲು! ಇದು ದುಂದುವೆಚ್ಚವಲ್ಲವೇ?” ಎಂದು ತಂದೆ ಕೇಳಿದರು.

ಮಗ ದನಿಯೇರಿಸಲಿಲ್ಲ. “ಚಾಚಾ, ಇದು ನನ್ನ ಸಂಬಳದ ಹಣ. ಮನೆಗೆ ಕೊಡಬೇಕಾದುದನ್ನು ಕೊಟ್ಟೇ ಉಳಿಸಿದ್ದೇನೆ. ಸಿಗರೇಟಿಲ್ಲ, ಬೇರೆ ಚಟವಿಲ್ಲ. ಹಳೆಯ 2 ಟಿ.ಬಿ. ಡಿಸ್ಕು ತುಂಬಿಹೋಗಿದೆ. ಒಂದು ಗೇಮನ್ನು ಅಳಿಸಿದರೆ ಮತ್ತೆ ಇಳಿಸಿಕೊಳ್ಳಲು ನಮ್ಮ ಮನೆಯ ಇಂಟರ್‌ನೆಟ್ಟಿನಲ್ಲಿ ಎರಡು ರಾತ್ರಿ ಬೇಕು. ಇಟ್ಟುಕೊಂಡರೆ ತಪ್ಪೇನು?”

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಜೂಜು, ಅಶ್ಲೀಲತೆಗಳಿಲ್ಲದ, ನಮಾಝನ್ನೂ ಕರ್ತವ್ಯವನ್ನೂ ಮರೆಸದ ಆಟಕ್ಕೆ ಬಹಳಷ್ಟು ವಿದ್ವಾಂಸರು ಅನುಮತಿ ನೀಡಿದ್ದಾರೆ. ಧರ್ಮಸಮ್ಮತವಾಗಿ ಗಳಿಸಿದ ಹಣದಲ್ಲಿ ಒಂದು ಪಾಲನ್ನು ಮನರಂಜನೆಗೆ ಬಳಸುವುದು ಪಾಪವಲ್ಲ. ಆದರೆ ನಿಷಿದ್ಧವಲ್ಲದ್ದೆಲ್ಲವೂ ಉಚಿತವೇ? ನಾನು ಆ ಹುಡುಗನಿಗೆ ಒಂದೇ ಮಾತು ಹೇಳಿದೆ: “ಎಷ್ಟು ದೊಡ್ಡ ಡಿಸ್ಕು ಬೇಕು ಎಂಬುದನ್ನು ಆಮೇಲೆ ನೋಡೋಣ. ಈಗಿರುವುದರಲ್ಲಿ ಏನೇನಿದೆ ಎಂದು ಮೊದಲು ಎಣಿಸು. ಮುಂದಿನ ಭಾನುವಾರ ನಾನೇ ಭದ್ರಾವತಿಗೆ ಬರುತ್ತೇನೆ.”

ಅಳತೆ ಬೆಳೆದ ಬಗೆ

ಎಣಿಸುವ ಮೊದಲು ಈ ವಸ್ತುವಿನ ಚರಿತ್ರೆಯನ್ನು ಸ್ವಲ್ಪ ನೋಡೋಣ. ಮೊದಲ ಹಾರ್ಡ್ ಡಿಸ್ಕು 1956ರಲ್ಲಿ ಐ.ಬಿ.ಎಂ. ಕಂಪೆನಿಯಿಂದ ಬಂತು. 50 ದೊಡ್ಡ ತಟ್ಟೆಗಳು, ಒಂದು ಟನ್ನಿಗೂ ಮಿಕ್ಕಿದ ತೂಕ. ಹಿಡಿಯುತ್ತಿದ್ದುದು ಸುಮಾರು 5 ಎಂ.ಬಿ., ಅಂದರೆ ಇಂದಿನ ಮೊಬೈಲಿನ ಒಂದೆರಡು ಫೋಟೋಗಳಷ್ಟು. ಆ ತಟ್ಟೆಗಳಿಗೆ ಬಳಿದದ್ದು ಕಬ್ಬಿಣದ ಆಕ್ಸೈಡಿನ ಲೇಪ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕುಲುಮೆಗೆ ಬರುತ್ತಿದ್ದ ಅದಿರಿನ ಮೂಲವಸ್ತುವೂ ಅದೇ ಜಾತಿಯದು. ಕಾರ್ಖಾನೆಯ ಮನೆತನದವರಿಗೆ ಈ ಮಾತು ಅಚ್ಚುಮೆಚ್ಚಾದೀತು.

1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟ ಒಂದು ಫ್ಲಾಪಿಯಲ್ಲಿ ಹಿಡಿಸುತ್ತಿತ್ತು. 1990ರ ದಶಕದ ಕೊನೆಗೆ ಆಟಗಳು 650 ಎಂ.ಬಿ.ಯ ಸಿ.ಡಿ.ಗೆ ಬಂದವು. 2020ರಲ್ಲಿ ಬಂದ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ಕೇಳುವ ಜಾಗ 150 ಜಿ.ಬಿ. ಅಂದರೆ ಆರೇಳು ಗೇಮುಗಳಿಗೆ ಒಂದು ಟಿ.ಬಿ. ತುಂಬಿತು. ಜಾಗ ಬೆಳೆದಂತೆ ಸರಕೂ ಬೆಳೆಯಿತು. ಹೊಲ ಕೊಂಡವನಿಗೆ ಪಕ್ಕದ ಹೊಲದ ಮೇಲೆ ಕಣ್ಣು ಬೀಳುವಂತೆ, 2 ಟಿ.ಬಿ. ತುಂಬಿದವನಿಗೆ 8 ಟಿ.ಬಿ. ಬೇಕೆನಿಸುತ್ತದೆ. ಎಂಟು ತುಂಬಿದ ಮೇಲೆ? ಹದಿನಾರು.

ಮೂರು ರಾಶಿಗಳು

ಮುಂದಿನ ಭಾನುವಾರ ಹೇಳಿದಂತೆ ಹೋದೆ. ಹುಡುಗ ಪ್ರಾಮಾಣಿಕವಾಗಿ ಪಟ್ಟಿ ಮಾಡಿದ್ದ. ಒಟ್ಟು 140 ಗೇಮುಗಳು. ಹಿಂದಿನ ಒಂದು ವರ್ಷದಲ್ಲಿ ತೆರೆದದ್ದು ಒಂಬತ್ತು. ತಾನೇ ಬರೆದ ಪಟ್ಟಿಯನ್ನು ನೋಡಿ ಅವನೇ ನಾಚಿದ. ನಾಚಿಸುವುದು ನನ್ನ ಉದ್ದೇಶವಾಗಿರಲಿಲ್ಲ. ನಾವು ಅದನ್ನೆಲ್ಲ ಮೂರು ರಾಶಿ ಮಾಡಿದೆವು.

ಮೊದಲನೆಯದು, ಈಗ ಆಡುತ್ತಿರುವುದು. ಇದಕ್ಕೆ ಬೇಕಾದುದು ವೇಗ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಚಲಿಸಬೇಕು. ಹಾಗಾಗಿ ಸೆಕೆಂಡಿಗೆ 150ರಿಂದ 250 ಎಂ.ಬಿ.ಯಷ್ಟು ಓದಿದರೆ ಹೆಚ್ಚು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸಾಟಾ ಬಗೆಯದು ಸುಮಾರು 550 ಎಂ.ಬಿ. ಓದುತ್ತದೆ, ಮದರ್‌ಬೋರ್ಡಿಗೆ ನೇರ ಕೂರುವ ಎನ್‌ವಿಎಂಇ ಬಗೆಯದು ಸಾವಿರಗಳ ಲೆಕ್ಕದಲ್ಲಿ ಓದುತ್ತದೆ. ಹೊಸ ಗೇಮುಗಳಲ್ಲಿ ಎಷ್ಟೋ ಎಸ್‌ಎಸ್‌ಡಿಯನ್ನೇ ಕೇಳುತ್ತವೆ. ಎಸ್‌ಎಸ್‌ಡಿ ಹೆಚ್ಚು ಬರೆದಷ್ಟು ಸವೆಯುತ್ತದೆ ಎಂಬ ಭಯ ಇಲ್ಲಿ ಬೇಡ. ಗೇಮನ್ನು ಒಮ್ಮೆ ಬರೆದು ನೂರು ಸಲ ಓದುತ್ತೇವೆ, ಸವೆಯುವುದು ಬರೆಯುವಾಗ. ನಮ್ಮ ಹುಡುಗನ ಒಂಬತ್ತು ಗೇಮುಗಳು ಸುಮಾರು 600 ಜಿ.ಬಿ. ಆದವು. 1 ಟಿ.ಬಿ.ಯ ಎಸ್‌ಎಸ್‌ಡಿ ಅವಕ್ಕೆ ಧಾರಾಳವಾಯಿತು.

ಎರಡನೆಯದು, ಈಗ ಆಡದ, ಆದರೆ ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದಾದ ಗೇಮುಗಳು. ಹಣ ಕೊಟ್ಟು ಕೊಂಡ ಖಾತೆಯಲ್ಲಿ ಅವು ಇದ್ದೇ ಇವೆ. ಇಟ್ಟುಕೊಳ್ಳಲೇಬೇಕೆಂದಿದ್ದರೆ ಅಗ್ಗದ ಹಾರ್ಡ್ ಡಿಸ್ಕು ಸಾಕು. ದೊಡ್ಡ ಅಳತೆಗಳಲ್ಲಿ ಅದರ ಬೆಲೆ ಎಸ್‌ಎಸ್‌ಡಿಗಿಂತ ಬಹಳ ಕಡಿಮೆ. ಆದರೆ ಇಂಟರ್‌ನೆಟ್ಟಿನ ಎರಡು ರಾತ್ರಿಗಳನ್ನು ಉಳಿಸಲು ಎಷ್ಟು ಹಣ ಸುರಿಯಬೇಕು ಎಂಬುದನ್ನು ಅವರವರೇ ತೂಗಿ ನೋಡಬೇಕು.

ಮೂರನೆಯ ರಾಶಿಯನ್ನು ಮಾಡುವಾಗ ಮನೆಯಲ್ಲಿ ಮೌನ ಕವಿಯಿತು. ಅದೇ ಡಿಸ್ಕಿನ ಒಂದು ಮೂಲೆಯಲ್ಲಿ, ಗೇಮುಗಳ ನಡುವೆ, ‘ಘರ್’ ಎಂಬ ಹೆಸರಿನ ಸಣ್ಣ ಫೋಲ್ಡರ್ ಇತ್ತು. ಅಕ್ಕನ ನಿಕಾಹ್‌ನ ಫೋಟೋಗಳು, ತಂದೆಯ ಪಿಂಚಣಿಯ ಕಾಗದಗಳು, ಮತ್ತು ತೀರಿಕೊಂಡ ದಾದಿಯ ದನಿ. ಮೊಮ್ಮಗಳು ಹಾಸ್ಟೆಲಿಗೆ ಹೊರಟಾಗ ದಾದಿ ದುಆ ಮಾಡಿ, ಬುದ್ಧಿ ಹೇಳಿ, ನಡುವೆ ನಕ್ಕದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಏಳು ನಿಮಿಷದ ದನಿ. ಆ ಮೊಬೈಲು ಕೆಟ್ಟು ವರ್ಷಗಳಾಗಿವೆ. ಬೇರೆಲ್ಲೂ ಪ್ರತಿಯಿಲ್ಲ.

“ಇನ್ನೊಂದು ಪ್ರತಿ ಏಕೆ ಮಾಡಲಿಲ್ಲ?” ಎಂದು ತಂದೆ ಕೇಳಿದರು. “ಜಾಗ ಇರಲಿಲ್ಲ ಅಬ್ಬಾ,” ಎಂದ ಹುಡುಗ. ಹೇಳಿದ ಮೇಲೆ ತನ್ನ ಮಾತಿನ ಅರ್ಥ ಅವನಿಗೇ ಹೊಳೆದು ತಲೆ ತಗ್ಗಿಸಿದ.

ಓದುಗರೇ, ನಮ್ಮೆಲ್ಲರ ಕಥೆಯೂ ಇದೇ ಅಲ್ಲವೇ? ಮತ್ತೆ ಸಿಗುವುದಕ್ಕೆ ಜಾಗವಿದೆ, ಮತ್ತೆ ಸಿಗದ್ದಕ್ಕೆ ಜಾಗವಿಲ್ಲ. ಇದು ಡಿಸ್ಕಿನ ಮಾತು ಮಾತ್ರವೇ?

ಅಂದೇ ಪ್ರತಿ ಮಾಡಲು ಕುಳಿತೆವು. ಹಳೆಯ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡತೊಡಗಿತು. ಹಾಗೆ ಸದ್ದು ಮಾಡುವ ಡಿಸ್ಕಿನ ಆಯುಷ್ಯ ಮುಗಿಯುತ್ತಾ ಬಂದಿದೆ ಎಂದೇ ತಿಳಿಯಬೇಕು. ಅದರಿಂದ ಮೊದಲು ತೆಗೆಯಬೇಕಾದದ್ದು ಅತ್ಯಂತ ಬೆಲೆಬಾಳುವುದನ್ನು. ಏಳು ನಿಮಿಷದ ದನಿ ಮೊದಲು ಬಂತು, ಅಲ್‌ಹಮ್ದುಲಿಲ್ಲಾಹ್. ಪಿಂಚಣಿಯ ಕಾಗದಗಳೂ ಬಂದವು. ನಿಕಾಹ್‌ನ ಫೋಟೋಗಳಲ್ಲಿ ಅರ್ಧದಷ್ಟು ತೆರೆಯಲಿಲ್ಲ. ಅವು ಇನ್ನು ಬರಲಾರವು.

ಕಾಪಾಡುವುದೆಂದರೇನು?

ಅಮೂಲ್ಯವಾದುದನ್ನು ಕಾಪಾಡುವುದು ಹೇಗೆಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಮಹಾ ಪಾಠವಿದೆ. ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ ಅನೇಕರು ಹುತಾತ್ಮರಾದಾಗ ಹಝ್ರತ್ ಉಮರ್(ರ)ರಿಗೆ ಚಿಂತೆಯಾಯಿತು. ಅವರ ಸಲಹೆಯಂತೆ ಖಲೀಫ ಅಬೂಬಕರ್(ರ)ರು ಝೈದ್ ಬಿನ್ ಸಾಬಿತ್(ರ)ರಿಗೆ ಹೊಣೆ ವಹಿಸಿ ಅದನ್ನು ಲಿಖಿತ ರೂಪದಲ್ಲಿ ಒಟ್ಟುಗೂಡಿಸಿದರು. ಆ ಗ್ರಂಥ ಮುಂದೆ ಹಝ್ರತ್ ಹಫ್ಸಾ(ರ)ರ ಬಳಿಯಿತ್ತು. ಉಸ್ಮಾನ್(ರ)ರ ಕಾಲದಲ್ಲಿ ಅದರಿಂದ ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ಪಟ್ಟಣಗಳಿಗೆ ಕಳುಹಿಸಲಾಯಿತು. ಎದೆಯಲ್ಲೂ ಇತ್ತು, ಬರಹದಲ್ಲೂ ಇತ್ತು. ಒಂದಕ್ಕಿಂತ ಹೆಚ್ಚು ಪ್ರತಿ, ಒಂದಕ್ಕಿಂತ ಹೆಚ್ಚು ಊರು. ಅಲ್ಲಾಹನ ಗ್ರಂಥಕ್ಕೆ ನಮ್ಮ ಮನೆಯ ಫೋಟೋಗಳನ್ನು ಹೋಲಿಸುವ ಉದ್ಧಟತನ ಯಾರೂ ಮಾಡಬಾರದು. ಆದರೆ ಅಲ್ಲಾಹನ ಮೇಲೆ ಭರವಸೆಯಿಟ್ಟ ಆ ಮಹನೀಯರೇ ಮುಂಜಾಗ್ರತೆಯನ್ನು ಬಿಡಲಿಲ್ಲ ಎಂಬುದನ್ನು ನೆನಪಿಡಬೇಕು.

ಇಂದಿನ ಕಂಪ್ಯೂಟರ್ ಬಲ್ಲವರು ಇದನ್ನೇ ‘ಮೂರು, ಎರಡು, ಒಂದು’ ಎಂದು ಲೆಕ್ಕ ಹೇಳುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಮಲೆನಾಡಿನ ಅಂಚಿನ ನಮ್ಮ ಊರುಗಳಿಗೆ ಇದು ಇನ್ನೂ ಅಗತ್ಯ. ಇಲ್ಲಿ ಮಳೆಗಾಲದ ತೇವವಿದೆ, ಸಿಡಿಲಿದೆ, ನಡುನಡುವೆ ಹೋಗುವ ಕರೆಂಟಿದೆ. ಬರೆಯುತ್ತಿರುವಾಗ ಕರೆಂಟು ಹೋದರೆ ಕಡತ ಕೆಡಬಹುದು. ಆದುದರಿಂದ ಒಂದು ಸಣ್ಣ ಯುಪಿಎಸ್ ದುಂದುವೆಚ್ಚವಲ್ಲ. ಬೀರುವಿನಲ್ಲಿ ಎತ್ತಿಡುವ ಪ್ರತಿಗೆ ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕು ಲೇಸು. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಬಿದ್ದಿರುವ ಎಸ್‌ಎಸ್‌ಡಿಯಲ್ಲಿ ಬರೆದದ್ದು ನಿಧಾನವಾಗಿ ಸೋರಿಹೋಗಬಲ್ಲದು. ಹಾರ್ಡ್ ಡಿಸ್ಕನ್ನೂ ಆರು ತಿಂಗಳಿಗೊಮ್ಮೆ ತೆರೆದು ನೋಡಬೇಕು. ನೋಡದೆ ಇಟ್ಟ ಪ್ರತಿ ಇದ್ದೂ ಇಲ್ಲದಂತೆ.

ಮಾರುವವನ ಹೊಣೆ

ಕೊಳ್ಳುವವನಿಗೆ ಮಾತ್ರ ಬುದ್ಧಿ ಹೇಳಿದರೆ ನ್ಯಾಯವಾಗದು. ಪ್ರವಾದಿವರ್ಯರು(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಮಳೆಗೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕಿಡಲಿಲ್ಲ ಎಂದು ಅವರು ಮಾರುವವನನ್ನು ಪ್ರಶ್ನಿಸಿದ ಪ್ರಸಂಗ ನಿಮಗೆ ಗೊತ್ತೇ ಇದೆ.

ಡಿಸ್ಕಿನ ಪೇಟೆಯಲ್ಲೂ ಅಂತಹದೇ ಪ್ರಸಂಗ ನಡೆಯಿತು. ಕೆಲವು ಹಾರ್ಡ್ ಡಿಸ್ಕುಗಳಲ್ಲಿ ಬರಹದ ಸಾಲುಗಳನ್ನು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ತುಸು ಸರಿಸಿ ಬರೆಯುತ್ತಾರೆ. ಇದಕ್ಕೆ ಎಸ್‌ಎಂಆರ್ ಎಂದು ಹೆಸರು. ಹೆಚ್ಚು ಹಿಡಿಸುತ್ತದೆ, ಆದರೆ ನಡುವಿನ ಒಂದು ಹೆಂಚನ್ನು ಬದಲಿಸಲು ಅಕ್ಕಪಕ್ಕದ್ದನ್ನೂ ಎತ್ತಬೇಕಾದಂತೆ, ಮತ್ತೆ ಮತ್ತೆ ಬರೆಯುವಾಗ ತೀರ ನಿಧಾನವಾಗುತ್ತದೆ. ಇಂತಹ ಡಿಸ್ಕುಗಳನ್ನು ವಿಷಯ ತಿಳಿಸದೆಯೇ ಮಾರಲಾಗುತ್ತಿದೆ ಎಂಬುದು 2020ರ ಏಪ್ರಿಲ್‌ನಲ್ಲಿ ಬಯಲಾಯಿತು. ವೆಸ್ಟರ್ನ್ ಡಿಜಿಟಲ್, ಸೀಗೇಟ್, ತೋಷಿಬಾ ಮೂರೂ ಕಂಪೆನಿಗಳ ಹೆಸರು ಬಂತು. ಗದ್ದಲವೆದ್ದ ಮೇಲೆ ಯಾವ ಮಾದರಿ ಯಾವ ಬಗೆಯದು ಎಂಬ ಮಾಹಿತಿಯನ್ನು ಅವು ಹೊರಗಿಟ್ಟವು. ಒಮ್ಮೆ ಬರೆದು ಎತ್ತಿಡುವವರಿಗೆ ಆ ಡಿಸ್ಕು ಕೆಟ್ಟದ್ದೇನಲ್ಲ. ತಪ್ಪು ಡಿಸ್ಕಿನದಲ್ಲ, ಮುಚ್ಚಿಟ್ಟದ್ದರದು. ನಮ್ಮ ಊರಿನ ಅಂಗಡಿಯವರಿಗೂ ಇದು ಪಾಠ. ಬಳಸಿದ ಡಿಸ್ಕನ್ನು ಬಳಸಿದ್ದೆಂದೇ ಹೇಳಿ ಮಾರಿದರೆ ಆ ಗಳಿಕೆಯಲ್ಲಿ ಬರಕತ್ ಇದೆ.

ಹಾಗೆಂದು ಅನಗತ್ಯ ಸಂದೇಹವೂ ಸಲ್ಲದು. 1 ಟಿ.ಬಿ. ಎಂದು ಕೊಂಡದ್ದು ಕಂಪ್ಯೂಟರಿನಲ್ಲಿ 931 ಜಿ.ಬಿ. ಎಂದು ಕಂಡರೆ ಅದು ಮೋಸವಲ್ಲ. ಕಂಪೆನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅಂಗಡಿಯವನನ್ನು ಕಳ್ಳನೆನ್ನುವ ಮೊದಲು ಲೆಕ್ಕ ತಿಳಿಯುವುದು ಸತ್ಯವಿಶ್ವಾಸಿಯ ಕರ್ತವ್ಯ. ಆದರೆ ನಂಬಲಾಗದ ಅಗ್ಗದ ಬೆಲೆಗೆ ಹತ್ತಾರು ಟಿ.ಬಿ. ಕೊಡುತ್ತೇವೆಂಬ ಹೆಸರಿಲ್ಲದ ಡ್ರೈವ್‌ಗಳಿಂದ ದೂರವಿರಿ. ಅವುಗಳ ಹೊಟ್ಟೆ ಹೇಳಿದ್ದಕ್ಕಿಂತ ಎಷ್ಟೋ ಚಿಕ್ಕದಿರುತ್ತದೆ, ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳಾಗುತ್ತದೆ.

ಯಾರ ಸೊತ್ತು?

ಇನ್ನೊಂದು ಕಹಿ ಮಾತು. ಆ 140ರಲ್ಲಿ ಎಷ್ಟೋ ಗೇಮುಗಳು ಕದ್ದ ಪ್ರತಿಗಳಾಗಿದ್ದವು. ಗೆಳೆಯರಿಂದ ಗೆಳೆಯರಿಗೆ ಬಂದವು. “ಎಲ್ಲರೂ ಹೀಗೇ ಮಾಡುತ್ತಾರಲ್ಲ ಚಾಚಾ,” ಎಂದ ಹುಡುಗ. 1988ರ ಡಿಸೆಂಬರ್‌ನಲ್ಲಿ ಕುವೈತಿನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು ಕೃತಿಸ್ವಾಮ್ಯ, ಆವಿಷ್ಕಾರದ ಹಕ್ಕು ಮುಂತಾದವು ಶರೀಅತ್ತಿನ ರಕ್ಷಣೆಯುಳ್ಳ ಹಕ್ಕುಗಳೆಂದು ತೀರ್ಮಾನಿಸಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯೂ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ರಕ್ಷಿಸುತ್ತದೆ. ಅಂದ ಮೇಲೆ ಪರರ ಸೊತ್ತನ್ನು ತುಂಬಿಡಲು ದೊಡ್ಡ ಉಗ್ರಾಣ ಕಟ್ಟುವುದು ಯಾವ ನ್ಯಾಯ? ಅವನ್ನು ಅಳಿಸಿದ ಮೇಲೆ 8 ಟಿ.ಬಿ.ಯ ಅರ್ಧ ಬೇಡಿಕೆ ತಾನಾಗಿಯೇ ಇಳಿಯಿತು.

ಆದರೆ ಕೂಡಿಡುವವರ ಪರವಾಗಿಯೂ ಒಂದು ಮಾತಿದೆ. ಹಣ ಕೊಟ್ಟು ಕೊಂಡರೂ ಇಂದು ಗೇಮು ನಮ್ಮದಾಗುವುದಿಲ್ಲ, ಆಡುವ ಅನುಮತಿ ಮಾತ್ರ ನಮ್ಮದು. 2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರುಗಳನ್ನು ಯೂಬಿಸಾಫ್ಟ್ ಕಂಪೆನಿ 2024ರ ಮಾರ್ಚ್ 31ರಂದು ಮುಚ್ಚಿತು. ಹಣ ಕೊಟ್ಟವರ ಡಿಸ್ಕಿನಲ್ಲಿ ಅದು ಹಾಗೇ ಇದ್ದರೂ ಆಡಲಾಗಲಿಲ್ಲ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಗೇಮುಗಳಲ್ಲಿ ಶೇ. 87ರಷ್ಟು ಈಗ ಮಾರಾಟದಲ್ಲೇ ಇಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ವರದಿ ಮಾಡಿತು. ಆದುದರಿಂದ ನ್ಯಾಯವಾಗಿ ಕೊಂಡ, ಮತ್ತೆ ಸಿಗಲಾರದ ಹಳೆಯ ಆಟವನ್ನು ಜೋಪಾನ ಮಾಡುವವನನ್ನು ದುರಾಸೆಯವನೆಂದು ಜರೆಯಬಾರದು. ಅದು ಮೂರನೆಯ ರಾಶಿಗೆ ಸೇರಬೇಕಾದ ವಸ್ತು. ಹುಡುಗನ ಪಟ್ಟಿಯಲ್ಲಿ ಅಂತಹವು ನಾಲ್ಕಿದ್ದವು. ಅವನ್ನು ದಾದಿಯ ದನಿಯ ಜೊತೆಯಲ್ಲೇ ಇಟ್ಟೆವು. ತಂದೆ ನಕ್ಕು ಒಪ್ಪಿದರು.

ಕೊನೆಯ ಲೆಕ್ಕ

ಕೊನೆಗೆ ಅವರು ಕೊಂಡದ್ದು 1 ಟಿ.ಬಿ.ಯ ಒಂದು ಎಸ್‌ಎಸ್‌ಡಿ ಮತ್ತು 2 ಟಿ.ಬಿ.ಯ ಎರಡು ಹಾರ್ಡ್ ಡಿಸ್ಕುಗಳು. ಹಣವೇನೂ ಬಹಳ ಉಳಿಯಲಿಲ್ಲ. ಆದರೆ ಒಂದು ಡಿಸ್ಕು ಭದ್ರಾವತಿಯ ಮನೆಯ ಬೀರುವಿನಲ್ಲಿದೆ, ಇನ್ನೊಂದು ಶಿವಮೊಗ್ಗದಲ್ಲಿರುವ ಅಕ್ಕನ ಮನೆಯಲ್ಲಿದೆ. ಅಕ್ಕ ಆ ಏಳು ನಿಮಿಷವನ್ನು ಹಲವು ವರ್ಷಗಳ ಬಳಿಕ ಕೇಳಿದಳಂತೆ. ನಿಕಾಹ್‌ನ ಕಳೆದುಹೋದ ಫೋಟೋಗಳ ಬಗ್ಗೆ ತಮ್ಮನನ್ನು ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತನಗೆ ಹಗುರವಾಗುತ್ತಿತ್ತು ಎಂದು ಹುಡುಗ ನನ್ನೊಡನೆ ಹೇಳಿಕೊಂಡ.

ಪರಲೋಕದಲ್ಲಿ ಆಯುಷ್ಯವನ್ನು ಯಾವುದರಲ್ಲಿ ಕಳೆದೆ, ಯೌವನವನ್ನು ಹೇಗೆ ಬಳಸಿದೆ, ಸಂಪತ್ತನ್ನು ಎಲ್ಲಿಂದ ಗಳಿಸಿ ಯಾವುದಕ್ಕೆ ವ್ಯಯಿಸಿದೆ ಎಂಬ ವಿಚಾರಣೆಯಿದೆ ಎಂದು ನಮಗೆ ಕಲಿಸಲಾಗಿದೆ. ಎಷ್ಟು ಟಿ.ಬಿ. ಇತ್ತು ಎಂಬ ಪ್ರಶ್ನೆ ಅಲ್ಲಿರಲಾರದು. ಆದರೆ ನಿನ್ನ ಕೈಗೆ ಬಂದ ಅಮಾನತುಗಳಲ್ಲಿ ಯಾವುದನ್ನು ಕಾಪಾಡಿದೆ, ಯಾವುದಕ್ಕೆ ಜಾಗವಿಲ್ಲವೆಂದೆ ಎಂಬುದಕ್ಕೆ ಉತ್ತರ ಸಿದ್ಧವಾಗಿರಬೇಡವೇ?

ಆದುದರಿಂದ ಸೋದರ ಸೋದರಿಯರೇ, ಹೊಸ ಡಿಸ್ಕು ಕೊಳ್ಳುವ ಮುನ್ನ ಹಳೆಯದನ್ನು ಒಂದು ಸಂಜೆ ಮಕ್ಕಳೊಡನೆ ಕುಳಿತು ತೆರೆಯಿರಿ. ಬೈಯಬೇಡಿ, ಎಣಿಸಿರಿ. ಆಡುವುದನ್ನು ವೇಗದ ಡ್ರೈವಿನಲ್ಲಿಡಿ. ಮತ್ತೆ ಸಿಗುವುದನ್ನು ಧೈರ್ಯದಿಂದ ಅಳಿಸಿರಿ. ಪರರದ್ದನ್ನು ಬಿಟ್ಟುಬಿಡಿ. ಮತ್ತೆಂದೂ ಸಿಗದ್ದಕ್ಕೆ ಎರಡು ಪ್ರತಿ ಮಾಡಿ, ಒಂದನ್ನು ಬಂಧುಗಳ ಮನೆಯಲ್ಲಿಡಿ. ಅದನ್ನು ನಾಳೆಗೆ ಮುಂದೂಡಬೇಡಿ. ಡಿಸ್ಕು ಹೇಳಿ ಕೆಡುವುದಿಲ್ಲ, ಹಿರಿಯರು ಹೇಳಿ ಹೋಗುವುದಿಲ್ಲ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.